ಯೇಸು ಯಹೂದಿ, ಹಾಗಿದ್ರೆ ಕ್ರೈಸ್ತ ಧರ್ಮ ಬೇರೆಯಾಗಿದ್ದು ಹೇಗೆ?

ಹೋದ ಸಂಚಿಕೆ ಕೇಳಿದ ಒಬ್ಬರು ವಾಟ್ಸ್‌ಆ್ಯಪ್‌ನಲ್ಲಿ ಪ್ರಶ್ನೆ ಕಳಿಸಿದ್ರು: ‘ಯೇಸು ಹುಟ್ಟಿದ್ದು ಯಹೂದಿಯಾಗಿ, ಸತ್ತಿದ್ದೂ ಯಹೂದಿಯಾಗಿ. ಹಾಗಿದ್ರೆ ಕ್ರೈಸ್ತ ಧರ್ಮ ಶುರುವಾಗಿದ್ದು ಯಾವಾಗ?’ ಶಾಲೆಯಲ್ಲಿ ನಾನು ಓದಿದ್ದು ಬೆತ್ಲೆಹೇಮ್, ಶಿಲುಬೆ, ಆಮೇಲೆ ನೇರವಾಗಿ ರೋಮ್. ನಡುವೆ ಏನಾಯ್ತು ಅಂತ ಯಾರೂ ಹೇಳಿರಲಿಲ್ಲ. ಇವತ್ತು ಆ ನಡುವಿನ ಕಥೆ. ಅದರಲ್ಲಿ ಒಂದು ಊಟದ ಜಗಳವೂ ಇದೆ.

ಯೇಸು ಗಲಿಲಾಯ ಸೀಮೆಯ ನಜರೇತಿನವರು, ಆಡುತ್ತಿದ್ದದ್ದು ಅರಾಮಿಕ್. ಕ್ರಿ.ಶ. 30ರ ಆಸುಪಾಸಿನಲ್ಲಿ ರೋಮನ್ ಅಧಿಕಾರಿ ಪೊಂತ್ಯ ಪಿಲಾತನ ಆದೇಶದಂತೆ ಯೆರೂಸಲೇಮಿನಲ್ಲಿ ಅವರನ್ನು ಶಿಲುಬೆಗೇರಿಸಲಾಯಿತು. ಮೂರನೇ ದಿನ ಅವರು ಎದ್ದುಬಂದರು ಅನ್ನೋದು ಶಿಷ್ಯರ ನಂಬಿಕೆ. ಈ ಧರ್ಮದ ತಾಯಿಬೇರು ಅದೇ. ‘ಕ್ರಿಸ್ತ’ ಅನ್ನೋದು ಮನೆತನದ ಹೆಸರಲ್ಲ. ‘ಅಭಿಷಿಕ್ತ’ ಅಂತ ಅರ್ಥ ಕೊಡೋ ಗ್ರೀಕ್ ಪದ. ಯಹೂದಿಗಳು ಕಾಯ್ತಿದ್ದ ಮೆಸ್ಸೀಯ ಇವರೇ ಅಂತ ಶಿಷ್ಯರು ಸಾರಿದ್ರು. ಅಂದ್ರೆ ಆರಂಭದಲ್ಲಿ ಇದು ಯಹೂದಿಗಳ ಒಳಗಿನ ಒಂದು ಪಂಗಡ, ಅಷ್ಟೇ.

ಆಮೇಲೆ ಯಹೂದಿಗಳಲ್ಲದವರೂ ಬರತೊಡಗಿದ್ರು. ತೊಡಕು ಶುರುವಾಗಿದ್ದು ಅಲ್ಲಿ. ಬಂದವರು ಸುನ್ನತಿ ಮಾಡಿಸಿಕೊಳ್ಳಬೇಕಾ? ಯಹೂದಿಗಳ ಆಹಾರ ನಿಯಮ ಪಾಲಿಸಬೇಕಾ? ಅಂತಿಯೋಕ್ಯ, ಅಂದ್ರೆ ಇವತ್ತಿನ ಟರ್ಕಿಯ ಅಂತಾಕ್ಯ, ಈ ಜಗಳದ ಕಣ. ಯೇಸುವಿನ ಹಿರಿಯ ಶಿಷ್ಯ ಪೇತ್ರ ಅಲ್ಲಿ ಎಲ್ಲರ ಜೊತೆ ಕೂತು ಉಣ್ತಿದ್ದ. ಯೆರೂಸಲೇಮಿನಿಂದ ಯಾಕೋಬನ ಕಡೆಯವರು ಬಂದರು ನೋಡಿ, ಮೆಲ್ಲಗೆ ಎದ್ದು ಬೇರೆ ಕೂತ. ಪೌಲ ಸುಮ್ಮನಿರಲಿಲ್ಲ, ಎಲ್ಲರೆದುರೇ ಅವನನ್ನು ತರಾಟೆಗೆ ತಗೊಂಡ. ಇದನ್ನು ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹೇಳಿಕೊಂಡಿದ್ದಾನೆ. ಪಂಕ್ತಿಭೇದ ಅಂದ್ರೇನು ಅಂತ ನಮಗೆ ಯಾರೂ ವಿವರಿಸಬೇಕಾಗಿಲ್ಲ ಅಲ್ವಾ? ಹಾಗಾಗಿ ಈ ಭಾಗ ಓದಿದಾಗ ನನಗೆ ಎರಡು ಸಾವಿರ ವರ್ಷ ಹಿಂದಿನದು ಅಂತ ಅನ್ನಿಸಲೇ ಇಲ್ಲ.

ಪೌಲನ ವಾದ ಇಷ್ಟು: ಮನುಷ್ಯನಿಗೆ ಬಿಡುಗಡೆ ಸಿಗೋದು ಕ್ರಿಸ್ತನ ಮೇಲಿನ ನಂಬಿಕೆಯಿಂದ, ದೇವರ ಕೃಪೆಯಿಂದ, ಸುನ್ನತಿಯಿಂದಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಹಿರಿಯರು ಸೇರಿ, ಹೊರಗಿನವರಿಗೆ ಸುನ್ನತಿ ಕಡ್ಡಾಯವಲ್ಲ ಅಂತ ಒಪ್ಪಿದ್ರು. ಬಾಗಿಲು ತೆರೆದದ್ದು ಹೀಗೆ. ಪೌಲ ಮೊದಲು ಈ ಪಂಗಡದವರನ್ನು ಹುಡುಕಿ ಹಿಂಸಿಸುತ್ತಿದ್ದವನು ಅನ್ನೋದನ್ನೂ ನೆನಪಿಡಿ.

ಮುಂದಿನದು ಬೇಗ ಹೇಳ್ತೀನಿ. ರೋಮಿನ ರಸ್ತೆಗಳು, ಎಲ್ಲೆಡೆ ನಡೆಯುತ್ತಿದ್ದ ಗ್ರೀಕ್ ಭಾಷೆ ಹರಡೋಕೆ ನೆರವಾದವು. 64ರಲ್ಲಿ ನೀರೋ, 303ರಿಂದ ಡಯೋಕ್ಲೀಶಿಯನ್ ಹಿಂಸೆ ಕೊಟ್ಟರು. 313ರಲ್ಲಿ ಕಾನ್‌ಸ್ಟಂಟೈನ್ ಕಾಲದಲ್ಲಿ ಕಾನೂನಿನ ಮಾನ್ಯತೆ ಸಿಕ್ಕಿತು. ರಾಜಧರ್ಮ ಮಾಡಿದ್ದೂ ಅವನೇ ಅಂತ ಬಹಳ ಜನ ಅಂದ್ಕೋತಾರೆ, ಅದು ತಪ್ಪು. 380ರಲ್ಲಿ ಹಾಗೆ ಮಾಡಿದ್ದು ಥಿಯೊಡೋಸಿಯಸ್. ನಡುವೆ 325ರ ನೈಸಿಯಾ ಸಭೆ, ಮಗನೂ ತಂದೆಯಷ್ಟೇ ದೇವರು, ಇಬ್ಬರ ಸತ್ವ ಒಂದೇ ಅಂತ ತೀರ್ಮಾನಿಸಿತು. ತಂದೆ, ಮಗ, ಪವಿತ್ರಾತ್ಮ, ಮೂವರಾದರೂ ಒಬ್ಬನೇ ದೇವರು ಅನ್ನೋ ತ್ರಿತ್ವದ ನಂಬಿಕೆ ಗಟ್ಟಿಯಾಗಿದ್ದು ಆ ಶತಮಾನದಲ್ಲಿ.

ಆ ಊಟದ ಪ್ರಶ್ನೆ ನಮ್ಮ ಕರಾವಳಿಗೂ ಬಂತು. ಗೋವಾದಿಂದ ಬಂದು ನೆಲೆಸಿದ ಕೊಂಕಣಿ ಕ್ಯಾಥೊಲಿಕರಲ್ಲಿ ಹಳೆಯ ಜಾತಿಗಳ ಗುರುತು ಅಳಿಸಿಹೋಗಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು, ಸೇರುವವರು ಜಾತಿ ಬಿಡಲೇಬೇಕು ಅಂದರು. ಬಿಟ್ಟವರಿಗೆ ಮನೆಯೂ ಹೋಯ್ತು, ಕಸುಬೂ ಹೋಯ್ತು. ಅವರ ಹೊಟ್ಟೆಪಾಡಿಗೆ ಮಿಶನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನಿಮ್ಮ ಅಜ್ಜಿ ಮನೆಯ ಮಾಡಿನ ಮೇಲೆ ಮಂಗಳೂರು ಹೆಂಚು ಇದ್ದರೆ, ಅದರ ಹಿಂದೆ ಈ ಕಥೆಯೂ ಇದೆ.