ಕೊರಿಯದ ಸಮಾಧಾನದ ಹಾಡುಗಳು

ಸಂಜೆ ಕಚೇರಿಯ ಕೆಲಸ ಮುಗಿಯುವ ಹೊತ್ತು. ಒಬ್ಬರು ಚೀಲವನ್ನು ಹೆಗಲಿಗೇರಿಸಿ ಹೊರಡುತ್ತಾರೆ. ನಮ್ಮಲ್ಲಾದರೆ ಆಗ ಕೇಳಿಬರುವ ಮಾತು ‘ಬರ್ತೀನಿ’, ‘ಹೂಂ, ನಾಳೆ ನೋಡೋಣ’ ಎಂಬುದು. ದಕ್ಷಿಣ ಕೊರಿಯದ ಕಚೇರಿಗಳಲ್ಲಿ ‘ಸುಗೊಹೆಸ್ಸೊಯೊ’ ಎನ್ನುತ್ತಾರೆ. ‘ಕಷ್ಟಪಟ್ಟಿರಿ, ದಣಿದಿರಿ’ ಎಂಬುದು ಅದರ ಸರಿಸುಮಾರಾದ ಅರ್ಥ. ಹಿರಿಯ ಅಧಿಕಾರಿಗಳಿಗೆ ಈ ಮಾತನ್ನು ಹೇಳಬಾರದೆಂದು ಅಲ್ಲಿಯ ಶಿಷ್ಟಾಚಾರ ಬಲ್ಲವರು ಆಕ್ಷೇಪಿಸುವುದುಂಟು; ಆದರೂ ಜನ ಹೇಳಿಯೇ ಹೇಳುತ್ತಾರೆ. ಇದರಲ್ಲಿ ಹೊಗಳಿಕೆಯಿಲ್ಲ, ಉಪದೇಶವಂತೂ ಇಲ್ಲವೇ ಇಲ್ಲ. ನೀವು ಪಟ್ಟ ಶ್ರಮವನ್ನು ಇನ್ನೊಬ್ಬರು ಕಂಡಿದ್ದಾರೆ, ಅಷ್ಟೆ.

2011ರಲ್ಲಿ ಇಬ್ಬರು ಯುವತಿಯರ ಮೇಳವೊಂದು ಈ ಮಾತನ್ನೇ ಹಾಡಾಗಿ ಮಾಡಿತು. ಮೇಳದ ಹೆಸರು ‘ಒಕ್ಸಾಂಗ್ ದಾಲ್ಬಿತ್’. ತಾರಸಿಯ ಮೇಲಿನ ಬೆಳದಿಂಗಳು ಎಂದರ್ಥ. ಹಾಡಿನ ಹೆಸರು ‘ಸುಗೊಹೆಸ್ಸೊ ಒನುಲ್ದೊ’. ಕಚೇರಿಯ ಮಾತಿಗೂ ಹಾಡಿನ ಹೆಸರಿಗೂ ಒಂದು ಸಣ್ಣ ಅಂತರವಿರುವುದನ್ನು ಗಮನಿಸಿದಿರಾ? ಕೊನೆಯ ‘ಯೊ’ ಬಿದ್ದುಹೋಗಿದೆ. ಕೊರಿಯನ್ ಭಾಷೆಯಲ್ಲಿ ನಮ್ಮಲ್ಲಿಯಂತೆಯೇ ಕ್ರಿಯಾಪದವು ವಾಕ್ಯದ ಕಡೆಗೆ ಬರುತ್ತದೆ. ಅದರ ಬಾಲಕ್ಕೆ ಅಂಟುವ ಪ್ರತ್ಯಯವು ಆಡುವವರಿಗೂ ಕೇಳುವವರಿಗೂ ಇರುವ ಸಂಬಂಧವನ್ನು ತಿಳಿಸುತ್ತದೆ. ‘ಯೊ’ ಇದ್ದರೆ ಗೌರವ, ಇಲ್ಲದಿದ್ದರೆ ಸಲಿಗೆ. ಇಂಗ್ಲಿಷಿನವರಿಗೆ ಇದನ್ನು ವಿವರಿಸುವುದಕ್ಕೆ ಒಂದು ಪುಟ ಬೇಕಾದೀತು. ‘ನೀವು’ ಹೋಗಿ ‘ನೀನು’ ಬಂದಿತೆಂದರೆ ಕನ್ನಡಿಗರಿಗೆ ಸಾಕು. ಹಗಲೆಲ್ಲ ‘ಕಷ್ಟಪಟ್ಟಿರಿ’ ಎಂದು ಕೇಳಿಸಿಕೊಂಡವನು ಮನೆಗೆ ಬಂದು ಬೂಟು ಬಿಚ್ಚುವಾಗ ಯಾರೋ ಹತ್ತಿರದವರು ‘ಇವತ್ತೂ ದಣಿದೆ ನೀನು’ ಎಂದಂತೆ. (ಮಾತು ಬಂದಿತೆಂದು ಹೇಳುತ್ತೇನೆ: ತಂದೆಯನ್ನು ಕೊರಿಯದ ಮಕ್ಕಳು ಕರೆಯುವುದೂ ‘ಅಪ್ಪ’ ಎಂದೇ!)

ಕೊರಿಯದ ಜನಪ್ರಿಯ ಸಂಗೀತವೆಂದರೆ ನಿಮ್ಮ ಮನೆಯ ಮಕ್ಕಳ ಕೈಫೋನಿನಲ್ಲಿ ಒಂದೇ ಹೆಜ್ಜೆಯಲ್ಲಿ ಕುಣಿಯುವ, ಬಣ್ಣದ ಕೂದಲಿನ ಹುಡುಗ ಹುಡುಗಿಯರ ಚಿತ್ರವೇ ನಿಮ್ಮ ಕಣ್ಣ ಮುಂದೆ ಬರಬಹುದು. ಅದು ಸುಳ್ಳಲ್ಲ. ಆದರೆ ಆ ಕುಣಿತದ ಹಿಂದೆ ಇನ್ನೊಂದು ಬಗೆಯ ಹಾಡುಗಳ ದೊಡ್ಡ ರಾಶಿಯೇ ಇದೆ. ಜನ ಕಷ್ಟಕಾಲದಲ್ಲಿ ಹುಡುಕಿಕೊಂಡು ಹೋಗುವುದು ಅವುಗಳನ್ನು. ಅವುಗಳ ಗುಣವನ್ನು ಹೇಳುವಾಗ ಅಲ್ಲಿಯವರು ಬಳಸುವ ಪದ ‘ವಿರೋ’. ಚೀನೀ ಲಿಪಿಯಲ್ಲಿ ಬರೆದರೆ ಇದರಲ್ಲಿ ಎರಡು ಅಕ್ಷರಗಳು: ಮೊದಲನೆಯದು ಸಂತೈಸುವುದು, ಎರಡನೆಯದು ದುಡಿಮೆ. ದಣಿವನ್ನು ಸಂತೈಸುವುದೇ ವಿರೋ. ಶೋಕವನ್ನು ಅಳಿಸಿಬಿಡುತ್ತೇನೆ ಎಂಬ ಹೆಮ್ಮೆ ಆ ಪದದೊಳಗೆ ಇಲ್ಲ. ಈ ಹಾಡುಗಳನ್ನು ಕೇಳುವ ಮೊದಲು ಇಷ್ಟನ್ನು ತಿಳಿದುಕೊಂಡರೆ ಮುಕ್ಕಾಲು ಪಾಲು ತಿಳಿದಂತೆ.

ಉತ್ಸಾಹವನ್ನು ಅಪ್ಪಣೆಯಿಂದ ತುಂಬಿಸುವ ಪ್ರಯೋಗವನ್ನೂ ಆ ದೇಶ ಮಾಡಿ ನೋಡಿದೆ. 1970ರ ದಶಕದಿಂದ 1980ರ ದಶಕದವರೆಗೆ, ಸೈನಿಕ ಅಧಿಕಾರದ ಕಾಲದಲ್ಲಿ, ಹೊರಬರುವ ಗ್ರಾಮಫೋನ್ ತಟ್ಟೆಗಳಲ್ಲಿ ಒಂದೊಂದು ‘ಗೊಂಜೊನ್ ಗಯೊ’, ಎಂದರೆ ‘ಆರೋಗ್ಯಕರ ಗೀತೆ’, ಇರಲೇಬೇಕೆಂದು ಕಟ್ಟಳೆಯಿತ್ತು. ವಿರಹಗೀತೆಗಳೆಲ್ಲ ಮುಗಿದ ಮೇಲೆ ಕಡೆಯಲ್ಲಿ ದೇಶದ ಏಳಿಗೆಯನ್ನು ಸಾರುವ ಒಂದು ಹುರುಪಿನ ಹಾಡು! ಕೇಳುವವರು ಅಷ್ಟು ಹೊತ್ತಿಗೆ ಮುಳ್ಳನ್ನು ಎತ್ತಿಬಿಡುತ್ತಿದ್ದರೆಂದು ಊಹಿಸುವುದು ಕಷ್ಟವಲ್ಲ.

ಅದೇ ಕಾಲದಲ್ಲಿ ಕಿಮ್ ಮಿನ್‌ಗಿ ಎಂಬ ತರುಣರು ‘ಅಚಿಮ್ ಇಸುಲ್’, ಎಂದರೆ ‘ಮುಂಜಾವಿನ ಇಬ್ಬನಿ’, ಎಂಬ ಹಾಡನ್ನು ರಚಿಸಿದರು. 1971ರಲ್ಲಿ ಯಾಂಗ್ ಹೀಉನ್ ಎಂಬಾಕೆಯ ದನಿಯಲ್ಲಿ ಅದು ಹೆಸರಾಯಿತು. ಒಂದು ರಾತ್ರಿಯನ್ನು ಕಳೆದು ಹೊರಗೆ ಹೆಜ್ಜೆಯಿಡುವವನ ಹಾಡು ಅದು. ಅದರಲ್ಲಿ ಯಾವ ಘೋಷಣೆಯೂ ಇಲ್ಲ. 1975ರಲ್ಲಿ ಅದನ್ನು ನಿಷೇಧಿಸಿದರು. 1987ರ ಜೂನ್ ಚಳವಳಿಯಲ್ಲಿ ಜನ ಅದನ್ನು ಬೀದಿಬೀದಿಗಳಲ್ಲಿ ಹಾಡಿದರು. ಆ ವರ್ಷವೇ ನಿಷೇಧ ಹೋಯಿತು.

ಕಿಮ್ ಅವರ ಇನ್ನೊಂದು ಹಾಡಿನ ಕಥೆ ನನಗೆ ಇದಕ್ಕಿಂತಲೂ ರಮ್ಯವಾಗಿ ಕಾಣುತ್ತದೆ. 1977ರ ಸುಮಾರಿಗೆ ಅವರು ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ ಜೊತೆಗಾರ ಕೂಲಿಗಳ ಸಾಮೂಹಿಕ ವಿವಾಹಕ್ಕೆಂದು ಒಂದು ಹಾಡು ಕಟ್ಟಿದರು. ಅದು ‘ಸಂಗ್‌ನೋಕ್ಸು’, ನಿತ್ಯಹಸುರಿನ ಮರ. ಒರಟು ಬಯಲಿನಲ್ಲಿ ನಿಂತ ದೇವದಾರುವಿನಂತಹ ಮರವನ್ನು ಬಡ ವಧೂವರರಿಗೆ ತೋರಿಸುವ ಹಾಡು. ಇಪ್ಪತ್ತು ವರ್ಷಗಳು ಕಳೆದುವು. 1997ರ ಕಡೆಯಲ್ಲಿ ಕೊರಿಯದ ಬೊಕ್ಕಸ ಬರಿದಾಗಿ, ಡಿಸೆಂಬರ್ 3ರಂದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲಕ್ಕೆ ಸಹಿ ಹಾಕಬೇಕಾಯಿತು. ಕಂಪೆನಿಗಳು ಮುಚ್ಚಿದುವು, ಕೆಲಸ ಕಳೆದುಕೊಂಡ ಗಂಡಸರು ಮನೆಯಲ್ಲಿ ಹೇಳಲಾರದೆ ಕೋಟು ತೊಟ್ಟು ಬೆಳಗ್ಗೆ ಹೊರಟು ಉದ್ಯಾನಗಳಲ್ಲಿ ಕುಳಿತಿರುತ್ತಿದ್ದರು. ಸುಮಾರು 35 ಲಕ್ಷ ಜನ ಮದುವೆಯ ಉಂಗುರ, ಮಕ್ಕಳ ಹುಟ್ಟುಹಬ್ಬದ ಉಂಗುರಗಳನ್ನು ತಂದೊಪ್ಪಿಸಿ ಸುಮಾರು 227 ಟನ್ ಚಿನ್ನ ಕೂಡಿಸಿದರು. ಆ 1998ರ ಜುಲೈ ತಿಂಗಳಲ್ಲಿ ಪಾಕ್ ಸೆರಿ ಎಂಬ ಇಪ್ಪತ್ತರ ಹುಡುಗಿ ಅಮೆರಿಕದ ಮಹಿಳೆಯರ ಓಪನ್ ಗಾಲ್ಫ್ ಪಂದ್ಯದಲ್ಲಿ ಗೆದ್ದಳು. ಚೆಂಡು ಕೊಳದ ಅಂಚಿಗೆ ಬಿದ್ದಾಗ ಅವಳು ಬೂಟು, ಕಾಲುಚೀಲ ಕಳಚಿ ನೀರಿಗಿಳಿದು ಹೊಡೆದಳು. ಬಿಸಿಲಿಗೆ ಕಪ್ಪಾದ ಕಾಲುಗಳ ಕೆಳಗೆ ಕಾಲುಚೀಲದೊಳಗೆ ಅಡಗಿದ್ದ ಪಾದಗಳು ಮಾತ್ರ ಬೆಳ್ಳಗೆ ಕಂಡುವು. ಈ ದೃಶ್ಯವನ್ನಿಟ್ಟುಕೊಂಡು ತಯಾರಿಸಿದ ಸಾರ್ವಜನಿಕ ಪ್ರಚಾರಚಿತ್ರಕ್ಕೆ ಹಿನ್ನೆಲೆಯಾಗಿ ಬಂದುದು ಯಾಂಗ್ ಹೀಉನ್ ಹಾಡಿದ ‘ಸಂಗ್‌ನೋಕ್ಸು’. ಒಂದು ಕಾಲಕ್ಕೆ ಸರ್ಕಾರ ಬಾಯಿ ಕಟ್ಟಿದ್ದ ಕವಿಯ ಹಾಡೇ ಕಡೆಗೆ ಬೇಕಾಯಿತು. ಆರೋಗ್ಯಕರ ಗೀತೆಗಳಲ್ಲಿ ಒಂದೂ ಆ ಹೊತ್ತಿಗೆ ಒದಗಲಿಲ್ಲ. 2020ರ ಏಪ್ರಿಲಿನಲ್ಲಿ, ಕೋವಿಡ್ ಪಿಡುಗಿನ ನಡುವೆ, ಹಲವು ಗಾಯಕರು ಸೇರಿ ಇದನ್ನು ಮತ್ತೆ ಹಾಡಿದರು. ಕಿಮ್ ಮಿನ್‌ಗಿ 2024ರ ಜುಲೈ 21ರಂದು ತೀರಿಕೊಂಡರು.

ಪಿಡುಗಿನ ವರ್ಷದ ಹಾಡುಗಳೇ ಬೇರೆ ಇವೆ. ಲೀ ಜೊಕ್ ಎಂಬ ಗಾಯಕರು ಆ ವಸಂತದಲ್ಲಿ ‘ದಾಂಗ್ಯೊನ್‌ಹಾನ್ ಗೊತ್‌ದುಲ್’ ಎಂಬ ಹಾಡನ್ನು ಬರೆದರು. ‘ಇದ್ದೇ ಇರುತ್ತವೆ ಎಂದುಕೊಂಡವುಗಳು’ ಎಂದು ಹೆಸರನ್ನು ಕನ್ನಡಿಸಬಹುದು. ಬೀದಿಯಲ್ಲಿ ನಡೆಯುವುದು, ಗೆಳೆಯರ ಕೈ ಹಿಡಿಯುವುದು, ಇಂತಹವೇ ಅದರ ಸಾಮಗ್ರಿ. ಜೂನ್ 5ರಂದು ಬೆಕ್‌ಸಾಂಗ್ ಕಲಾ ಪ್ರಶಸ್ತಿ ಸಮಾರಂಭದಲ್ಲಿ, ಪ್ರೇಕ್ಷಕರಿಲ್ಲದ ಸಭಾಂಗಣದ ವೇದಿಕೆಯ ಮೇಲೆ, ಐವರು ಬಾಲನಟರು ಅದನ್ನು ಹಾಡಿದರು. ಕೆಳಗೆ ಕುಳಿತಿದ್ದ ನಟನಟಿಯರು ಕಣ್ಣೊರೆಸಿಕೊಂಡರು. ನವೆಂಬರ್ 20ರಂದು ಬಿಟಿಎಸ್ ಮೇಳದ ‘ಲೈಫ್ ಗೋಸ್ ಆನ್’ ಬಂದಿತು. ವಿಶ್ವಸಂಚಾರಕ್ಕೆ ಅಣಿಯಾಗಿ ಮನೆಯಲ್ಲೇ ಕುಳಿತ ಏಳು ಜನರ ಹಾಡು. ಬಹುಪಾಲು ಕೊರಿಯನ್ ಮಾತಿನ ಹಾಡೊಂದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಗೆ ಮೊದಲ ಸ್ಥಾನದಲ್ಲೇ ಕಾಲಿಟ್ಟುದು ಅದೇ ಮೊದಲು. ಅಂಕಿ ಅಂಶಗಳಿರಲಿ, ಅದರಲ್ಲಿ ನನಗೆ ಹಿಡಿಸಿದುದು ಅದರ ದನಿಯ ತಗ್ಗು. ಪ್ರಪಂಚವೇ ಕೇಳುತ್ತಿದೆಯೆಂದು ಗೊತ್ತಿದ್ದೂ ಪಕ್ಕದ ಕೋಣೆಯವರಿಗೆ ನಿದ್ದೆಗೆಡದಂತೆ ಹಾಡಿದ್ದಾರೆ.

ಲೀ ಜೊಕ್ ಅವರ ಹೆಸರು ಬಂದಿತಲ್ಲ, ಇನ್ನೊಂದು ಹಾಡನ್ನು ಹೇಳಿಬಿಡುತ್ತೇನೆ. ‘ಗೊಕ್‌ಜೊಂಗ್ ಮಾರಾಯೊ ಗುದೆ’, ಎಂದರೆ ‘ಚಿಂತಿಸಬೇಡಿ’ ಎಂಬ ಹಾಡು ಮೊದಲು 2004ರಲ್ಲಿ ಚೊನ್ ಇನ್‌ಗ್ವೊನ್ ಎಂಬ ಹಿರಿಯ ರಾಕ್ ಗಾಯಕರ ಒರಟು ಕಂಠದಲ್ಲಿ ಬಂದಿತು. 2015ರಲ್ಲಿ ಲೀ ಜೊಕ್ ಒಂದು ದೂರದರ್ಶನ ಧಾರಾವಾಹಿಗಾಗಿ ಅದನ್ನು ನಯವಾಗಿ ಹಾಡಿದ ಮೇಲೆ ಮನೆಮನೆಗೆ ಹೋಯಿತು. ಎರಡನ್ನೂ ಕೇಳಿರಿ. ನನ್ನ ಮತ ಮುದುಕರ ಕಡೆಗೆ. ಚಿಂತಿಸಬೇಡಿ ಎಂಬ ಮಾತನ್ನು ಚಿಂತೆ ಕಂಡ ಕಂಠವೇ ಹೇಳಬೇಕು.

ಕಂಠದ ಮಾತಿಗೆ ಬಂದರೆ ನಮ್ಮ ಸಂಗೀತದವರಿಗೆ ಇಲ್ಲಿ ಒಂದು ತೊಡಕು. ನಮ್ಮ ಪಾಠದಲ್ಲಿ ಅಕಾರ ತುಂಬಿ ಬರಬೇಕು. ನಾದದಲ್ಲಿ ಗಾಳಿ ಸೋರಿದರೆ ಗುರುಗಳು ಹುಬ್ಬು ಗಂಟಿಕ್ಕುತ್ತಾರೆ. ಕೊರಿಯದಲ್ಲಿ ಪಾರ್ಕ್ ಜಿನ್‌ಯೊಂಗ್ ಎಂಬ ನಿರ್ಮಾಪಕರು ದೂರದರ್ಶನದ ಗಾಯನ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರಾಗಿದ್ದಾಗ ಅರ್ಧ ಗಾಳಿ, ಅರ್ಧ ನಾದ ಎಂಬ ಸೂತ್ರವನ್ನು ಹೇಳಿ ಅದು ಗಾದೆಯಾಯಿತು. ಉಸಿರು ಬೆರೆತ ದನಿ ಕಿವಿಯ ಬಳಿಯಲ್ಲೇ ಮಾತಾಡಿದಂತೆ ಕೇಳುತ್ತದೆ. ಸಮಾಧಾನದ ಹಾಡಿಗೆ ಬೇಕಾದುದೂ ಅದೇ. ಆ ಸ್ಪರ್ಧೆಯಲ್ಲಿ 2012ರಲ್ಲಿ ಎರಡನೆಯ ಸ್ಥಾನ ಪಡೆದ ಹುಡುಗಿ ಲೀ ಹಾಯ್. ನಾಲ್ಕು ವರ್ಷಗಳ ಮೇಲೆ, 2016ರಲ್ಲಿ, ಅವಳು ‘ಹನ್‌ಸುಮ್’ ಹಾಡಿದಳು.

‘ಸುಮ್’ ಎಂದರೆ ಉಸಿರು, ‘ಹನ್’ ಎಂದರೆ ದೊಡ್ಡದು. ನಿಡಿದಾದ ಉಸಿರು ನಮ್ಮಲ್ಲಿ ನಿಟ್ಟುಸಿರಾಯಿತಲ್ಲವೆ? ಹಾಗೆಯೇ ಅದು. ಇಂಗ್ಲಿಷಿನಲ್ಲಿ ಈ ಹಾಡಿಗೆ ‘ಉಸಿರಾಡು’ ಎಂಬರ್ಥದ ಹೆಸರಿಟ್ಟಿದ್ದಾರೆ. ಕನ್ನಡದಲ್ಲಿಯಾದರೆ ಮೂಲಕ್ಕೆ ಸರಿಯಾದ ಪದವೇ ಇದೆ. ನಿಟ್ಟುಸಿರು ಬಿಡುವವರನ್ನು ಕಂಡರೆ ಮನೆಯ ಹಿರಿಯರು ‘ಹೊತ್ತಲ್ಲದ ಹೊತ್ತಿನಲ್ಲಿ ಏನದು?’ ಎಂದು ಗದರುವುದು ನಮಗೆ ಗೊತ್ತು. ಈ ಹಾಡು ಬಿಡಿ ಎನ್ನುತ್ತದೆ. ಅದೂ ‘ಯೊ’ ಸೇರಿಸಿ, ಮರ್ಯಾದೆಯಿಂದ. ನಿಮ್ಮ ನೋವಿನ ಆಳ ನನಗೆ ತಿಳಿಯದು ಎಂದು ಒಪ್ಪಿಕೊಳ್ಳುತ್ತದೆ. ‘ನನಗೆಲ್ಲ ಅರ್ಥವಾಗುತ್ತದೆ’ ಎನ್ನುವ ಗೆಳೆಯರಿಂದ ಬೇಸತ್ತವರಿಗೆ ಈ ಒಪ್ಪಿಗೆ ಎಷ್ಟು ದೊಡ್ಡದೆಂಬುದು ತಿಳಿದಿರುತ್ತದೆ.

ಹಾಡಿನ ಮಾತು ಬರೆದವರು ಜೋಂಗ್‌ಹ್ಯುನ್. ಶೈನೀ ಎಂಬ ಮೇಳದ ಗಾಯಕರು. ಬಾನುಲಿಯ ಓದುಗರಿಗೆ ಅವರ ವಿಷಯದಲ್ಲಿ ಹೇಳಲೇಬೇಕಾದ ಸಂಗತಿಯೊಂದಿದೆ. 2014ರ ಫೆಬ್ರವರಿಯಿಂದ 2017ರ ಏಪ್ರಿಲಿನವರೆಗೆ ಅವರು ಎಂಬಿಸಿ ಬಾನುಲಿಯಲ್ಲಿ ‘ನೀಲಿ ರಾತ್ರಿ’ ಎಂಬ ಕಾರ್ಯಕ್ರಮವನ್ನು ನಡೆಸಿಕೊಟ್ಟರು. ಅದು ಪ್ರಸಾರವಾಗುತ್ತಿದ್ದುದು ನಡುರಾತ್ರಿಯ ಮೇಲೆ. ಕೇಳುಗರು ಕಳುಹಿಸಿದ ಬದುಕಿನ ಕಥೆಗಳನ್ನು ಓದುವುದು, ಹಾಡು ಹಾಕುವುದು. ನಮ್ಮ ಕೋರಿಕೆಯ ಕಾರ್ಯಕ್ರಮಗಳಲ್ಲಿ ಹೆಸರು ಓದುವ ಕಡೆ ಅಲ್ಲಿ ಕಷ್ಟಸುಖವನ್ನೇ ಓದುತ್ತಾರೆನ್ನಿ. ಪರೀಕ್ಷೆಗೆ ಕುಳಿತವರು, ರಾತ್ರಿಪಾಳಿಯವರು, ನಿದ್ದೆ ಬಾರದವರು ಅವರ ಶ್ರೋತೃಗಳು. ಆ ಕಾರ್ಯಕ್ರಮದಲ್ಲಿ ಹುಟ್ಟಿ ಬೆಳೆದ ಹಾಡುಗಳನ್ನು ಕೂಡಿಸಿ 2015ರಲ್ಲಿ ಒಂದು ಸಂಗ್ರಹವನ್ನೇ ತಂದರು. ಅದರ ಮುಖ್ಯಗೀತೆಯ ಹೆಸರು ‘ಹಾರುಎ ಕ್ಕುತ್’, ದಿನದ ಕೊನೆ.

2017ರ ಡಿಸೆಂಬರ್ 18ರಂದು ಜೋಂಗ್‌ಹ್ಯುನ್ ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ವಯಸ್ಸು 27. ಮುಂದಿನ ತಿಂಗಳು ಒಂದು ಪ್ರಶಸ್ತಿ ಸಮಾರಂಭದಲ್ಲಿ ಲೀ ಹಾಯ್ ಅವರ ನೆನಪಿಗೆಂದು ‘ಹನ್‌ಸುಮ್’ ಹಾಡಲು ನಿಂತಳು. ನಡುವೆ ಅಳು ಬಂದು ದನಿ ಕಟ್ಟಿತು. ಸಾವಿರಾರು ಜನರ ನಿಟ್ಟುಸಿರಿಗೆ ಜಾಗ ಕೊಟ್ಟವರ ನಿಟ್ಟುಸಿರು ಎಲ್ಲಿಗೆ ಹೋಗಬೇಕಾಗಿತ್ತು? ನನಗೆ ಈ ಪ್ರಶ್ನೆಯನ್ನು ದಾಟಿ ಹೋಗಲು ಆಗುವುದಿಲ್ಲ. ಆದುದರಿಂದ ಹಾಡುಗಳನ್ನು ಹೊಗಳುವ ಈ ಲೇಖನದಲ್ಲಿಯೇ ಹೇಳುತ್ತೇನೆ: ಹಾಡು ಒಂದು ರಾತ್ರಿಯನ್ನು ಕಳೆಯಿಸೀತು, ನಿಮ್ಮ ಮಾತನ್ನು ಅದು ಕೇಳಲಾರದು. ಭಾರ ವಾರಗಟ್ಟಲೆ ಇಳಿಯದಿದ್ದರೆ ಮನುಷ್ಯರೊಡನೆ ಮಾತನಾಡಬೇಕು. 14416 ಎಂಬ ಸಂಖ್ಯೆಗೆ ಕರೆ ಮಾಡಿದರೆ ‘ಟೆಲಿ ಮಾನಸ್’ ಸೇವೆ ಹಗಲೂ ರಾತ್ರಿಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಉಂಟು. 2022ರಲ್ಲಿ ಆರಂಭವಾದ ಈ ಸೇವೆಗೆ ಮಾರ್ಗದರ್ಶನ ನೀಡುವ ಸಂಸ್ಥೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್.

ಇನ್ನು, ಭಾಷೆ ಬಾರದವರು ಹೇಗೆ ಕೇಳುವುದು? ಮಾತಿನ ಅರ್ಥವನ್ನು ಒಮ್ಮೆ ಓದಿಕೊಂಡು ಕಾಗದವನ್ನು ಪಕ್ಕಕ್ಕಿಡಿ, ಹಾಡುವಾಗ ಓದಬೇಡಿ. ವಾಕ್ಯ ಮುಗಿಯುವ ಕಡೆ ‘ಯೊ’ ಕೇಳುತ್ತದೆಯೆ, ಇಲ್ಲವೆ ಎಂಬುದನ್ನು ಕಿವಿಗೊಟ್ಟು ಗುರುತಿಸಿ. ಎರಡು ಮೂರು ಸಲ ಕೇಳಿದರೆ ತಿಳಿಯುತ್ತದೆ. ಮೊದಲು ‘ಸಂಗ್‌ನೋಕ್ಸು’; ಅದು ನಿಧಾನ, ಸರಳ, ಸಣ್ಣ ಮಕ್ಕಳೂ ಗುನುಗಬಹುದಾದ ಮಟ್ಟು. ಆಮೇಲೆ ತಾರಸಿಯ ಬೆಳದಿಂಗಳ ಹಾಡು, ಕೆಲಸದಿಂದ ಬರುವ ಬಸ್ಸಿನಲ್ಲಿ. ‘ಹನ್‌ಸುಮ್’ ಅನ್ನು ಮಾತ್ರ ಬಸ್ಸಿನಲ್ಲಿ ಕೇಳಬೇಡಿ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ, ಪಾತ್ರೆ ತೊಳೆದಿಟ್ಟು, ಅಡಿಗೆಮನೆಯ ದೀಪವೊಂದನ್ನು ಉಳಿಸಿಕೊಂಡು ಕುಳಿತಾಗ ಕೇಳಿ.