ಎಂಟು ತಂತಿಗಳು ಕಲಿಸಿದ ಪಾಠ

ಮಗನಿಗೆಂದು ತಂದ ಮ್ಯಾಂಡೊಲಿನ್ ಮೂರನೆಯ ವಾರದಲ್ಲೇ ಅಟ್ಟ ಸೇರಿದಾಗ ನಾವು ಅವನನ್ನು ಸೋಮಾರಿಯೆಂದು ಗದರಿದ್ದೆವು. ವರ್ಷಗಳ ಬಳಿಕ ಅದನ್ನೇ ಕೆಳಗಿಳಿಸಿ ನಾವು ಕಲಿಯಲು ಕುಳಿತೆವು. ತಪ್ಪು ಯಾರದೆಂಬುದು ಆಗ ತಿಳಿಯಿತು.

ಈ ವಾದ್ಯಕ್ಕೆ ನಾಲ್ಕು ಜೋಡಿಗಳಾಗಿ ಎಂಟು ತಂತಿಗಳು. ಶ್ರುತಿ ಪಾಶ್ಚಾತ್ಯ ಪಿಟೀಲಿನದೇ: ಜಿ, ಡಿ, ಎ, ಇ. ಜೋಡಿ ತಂತಿಗಳೆರಡೂ ಒಂದೇ ಸ್ವರದಲ್ಲಿ ನುಡಿಯಬೇಕು. ಒಂದು ತುಸು ಸಡಿಲಿದರೂ ನಾದ ಕೆಡುತ್ತದೆ. ಬಿಗಿದ ಲೋಹದ ತಂತಿಯನ್ನು ಒತ್ತುವಾಗ ಎಳೆಯ ಬೆರಳು ಉರಿಯದಿರದು. ಮೆಟ್ಟಿನ ಮೇಲಲ್ಲದೆ ಅದರ ತುಸು ಹಿಂದೆ ಒತ್ತಿದರೆ ಅಷ್ಟು ಬಲ ಬೇಡ. ಹಗುರ ತಂತಿಗಳನ್ನೂ ಹಾಕಿಸಬಹುದು. ಇದನ್ನು ಮಗನಿಗೆ ಯಾರೂ ಹೇಳಿರಲಿಲ್ಲ. ಅವನ ನೋವನ್ನು ಕೇಳುವ ವ್ಯವಧಾನ ನಮಗೂ ಇರಲಿಲ್ಲ.

ಮೀಟಿದ ನಾದ ಬೇಗನೆ ಅಡಗುವುದರಿಂದ, ಸ್ವರವನ್ನು ನೀಳವಾಗಿಸಲು ಮೀಟುಕಡ್ಡಿಯನ್ನು ಮೇಲಕ್ಕೂ ಕೆಳಕ್ಕೂ ಬಿಡುವಿಲ್ಲದೆ ಆಡಿಸಬೇಕು. ಇದೇ ಟ್ರೆಮೊಲೊ. ಮಣಿಕಟ್ಟು ಸಡಿಲವಿದ್ದು, ನಿಧಾನದಿಂದ ಆರಂಭಿಸಿದರೆ ಅದು ಒಲಿಯುತ್ತದೆ.

ಇಟಲಿಯಲ್ಲಿ ಬೆಳೆದ ಈ ವಾದ್ಯಕ್ಕೆ ಧರ್ಮಗುರುವಾಗಿದ್ದ ವಿವಾಲ್ಡಿ ಕನ್ಸರ್ಟೊ ರಚಿಸಿದರು. ಆಂಧ್ರದ ಪಾಲಕೊಲ್ಲಿನಲ್ಲಿ 1969ರಲ್ಲಿ ಜನಿಸಿ, 2014ರಲ್ಲಿ ಅಗಲಿದ ಯು. ಶ್ರೀನಿವಾಸ್ ಐದು ಒಂಟಿ ತಂತಿಗಳ ವಿದ್ಯುತ್ ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದರು. ವಾದ್ಯವೇ ವಾದಕನಿಗೆ ಹೊಂದಿಕೊಂಡಿತು.

ಪೋಷಕರೇ, ಆರಂಭದಲ್ಲಿ ದಿನಕ್ಕೆ ಹದಿನೈದು ನಿಮಿಷ ಸಾಕು. ಕೆಲವು ವಾರಗಳಲ್ಲಿ ಬೆರಳ ತುದಿ ಗಟ್ಟಿಯಾಗುತ್ತದೆ. ಮಗು ವಾದ್ಯ ಕೆಳಗಿಟ್ಟರೆ ಗದರುವ ಮುನ್ನ ಅದರ ಬೆರಳನ್ನು ನೋಡಿರಿ. ನಾವು ನೋಡಲಿಲ್ಲ. ಮೊನ್ನೆ ಮಗನಲ್ಲಿ ಕ್ಷಮೆ ಕೇಳಿದೆವು. ಅವನು ನಕ್ಕು, ಸಡಿಲಿದ್ದ ತಂತಿಯೊಂದನ್ನು ಬಿಗಿಮಾಡಿಕೊಟ್ಟನು.