ಉಲ್ಟಾ ಸಾಲಿನ ಗುಟ್ಟು

ಕೈಯಲ್ಲಿ ಹೆಣೆದ ವಿ-ನೆಕ್ ಸ್ವೆಟರ್ ಎಲ್ಲಾದರೂ ಸಿಕ್ಕರೆ, ಬಣ್ಣ ಆಮೇಲೆ ನೋಡಿ, ಮೊದಲು ಕತ್ತಿನ ಹತ್ತಿರ ಕಣ್ಣು ಹಾಯಿಸಿ. ವಿ ಆಕಾರದ ಎರಡೂ ಅಂಚಿಗೆ ಸಮಾನಾಂತರವಾಗಿ, ಅಂಚಿನಿಂದ ಎರಡು ಕುಣಿಕೆ ಒಳಗೆ, ಜಡೆಯಂಥ ಒಂದು ಗೆರೆ ಭುಜದ ತನಕ ಹೋಗಿರುತ್ತದೆ. ಆ ಗೆರೆ ಎಲ್ಲೂ ಕಡಿಯದೆ, ಅಂಕುಡೊಂಕಾಗದೆ ಮೇಲೆ ಹೋಗಿದ್ದರೆ ಹೆಣೆದವರಿಗೆ ಒಂದು ನಮಸ್ಕಾರ ಹಾಕಿ. ಅದು ಬರೀ ಅಲಂಕಾರ ಅಲ್ಲ. ಕತ್ತು ಅಗಲವಾಗಬೇಕಾದರೆ ಬಟ್ಟೆ ಕಿರಿದಾಗಬೇಕು, ಬಟ್ಟೆ ಕಿರಿದಾಗಬೇಕಾದರೆ ಎರಡು ಕುಣಿಕೆ ಸೇರಿ ಒಂದಾಗಬೇಕು. ಹಾಗೆ ಸೇರಿದ ಜಾಗಗಳೇ ಒಂದರ ಮೇಲೊಂದು ಕೂತು ಗೆರೆಯಾಗುತ್ತವೆ.

ಡಿಗ್ರಿ ಮುಗಿಸಿ ನೋಟಿಫಿಕೇಷನ್ ಕಾಯುವ ಹುಡುಗನಿಗೆ ಇದೆಲ್ಲ ಯಾಕೆ ಅಂತೀರಾ? ಕೊಟ್ಟಿಗೆಹಾರದ ಮಳೆಗಾಲ ಕಂಡವರು ಹಾಗೆ ಕೇಳುವುದಿಲ್ಲ. ಚಾರ್ಮಾಡಿಯ ಮಂಜು ಏರಿ ಬಂದು ಬಸ್‌ಸ್ಟ್ಯಾಂಡಿನಲ್ಲೇ ಕೂತುಬಿಟ್ಟರೆ ಧರ್ಮಸ್ಥಳದ ಬಸ್ಸು ಯಾವುದು, ಹೊರನಾಡಿನದು ಯಾವುದು ಗೊತ್ತಾಗಲ್ಲ. ಕರೆಂಟ್ ಹೋದರೆ ಯಾವಾಗ ಬರುತ್ತದೋ ದೇವರೇ ಬಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಘಾಟಿಯೇ ಬಂದ್ ಆಗಿತ್ತು. ಇಂಥ ಊರಲ್ಲಿ ಪಕ್ಕದ ಮನೆಯ ನಿವೃತ್ತ ಟೀಚರ್ ಕೈಯಲ್ಲಿ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕಂಡರೆ ಯಾರಾದರೂ ಹತ್ತಿರ ಹೋಗಿ ಕೂರುತ್ತಾರೆ. ನಾನೂ ಕೂತೆ. 'ಹುಡುಗ ಸ್ವೆಟರ್ ಹಾಕ್ತಾನಂತೆ' ಎಂದು ನಗುವವರು ಇದ್ದೇ ಇದ್ದರು. ಪೆರು ದೇಶದ ಟಕೀಲೆ ಎಂಬ ದ್ವೀಪದಲ್ಲಿ ಹೆಣಿಗೆ ಗಂಡಸರದೇ ಕೆಲಸ, ಯುನೆಸ್ಕೋ ಕೂಡ ಅಲ್ಲಿನ ಬಟ್ಟೆಯ ಕಲೆಯನ್ನು ಪರಂಪರೆ ಎಂದು ಮಾನ್ಯ ಮಾಡಿದೆ ಎಂದು ಹೇಳಿ ಬಾಯಿ ಮುಚ್ಚಿಸಿದೆ.

ಆಮೇಲೆ ಬಂತು ನಿಜವಾದ ಪರೀಕ್ಷೆ. ಹೋಂಸ್ಟೇ ನಡೆಸುವವರೊಬ್ಬರು ಮಕ್ಕಳ ನಾಲ್ಕು ವಿ-ನೆಕ್ ಬೇಕು ಎಂದರು, ಡಿಸೆಂಬರ್ ರಜೆಯೊಳಗೆ. ಒಂದು ಕಂಡೀಷನ್: ಕತ್ತಿನ ಗೆರೆ ನೀಟಾಗಿರಬೇಕು, ಇಲ್ಲದಿದ್ದರೆ ರೆಡಿಮೇಡ್ ತರುತ್ತಾರಂತೆ. ಪ್ರತಿ ಚಳಿಗಾಲಕ್ಕೂ ನಮ್ಮ ಪೇಟೆಗಳಲ್ಲಿ ಟಿಬೆಟಿಯನ್ನರ ಸ್ವೆಟರ್ ಅಂಗಡಿ ಏಳುತ್ತವಲ್ಲ, ಲುಧಿಯಾನದ ಮೆಷಿನ್ ಮಾಲಿನ ಎದುರು ರೇಟಿನಲ್ಲಿ ಕೈಹೆಣಿಗೆ ಗೆಲ್ಲುವ ಮಾತೇ ಇಲ್ಲ. ಗೆದ್ದರೆ ಆ ಗೆರೆಯಿಂದ ಗೆಲ್ಲಬೇಕು. ಅದು ನನ್ನ ಮೊದಲ ಸಂಪಾದನೆ ಬೇರೆ!

ಈಗ ಲೆಕ್ಕ ನೋಡಿ. ಕತ್ತಿಗೆ 32 ಕುಣಿಕೆ ಹೋಗಬೇಕು, ಅಂದರೆ ಒಂದೊಂದು ಬದಿಗೆ 16. ಇಂಚಿಗೆ 7 ಸಾಲು, ಭುಜಕ್ಕೆ ಉಳಿದಿರುವುದು 3 ಇಂಚು, ಒಟ್ಟು 21 ಸಾಲು. ಎಲ್ಲರೂ ಕಲಿಯುವುದು ಸೀದಾ ಸಾಲಿನಲ್ಲಿ ಕುಣಿಕೆ ಕಮ್ಮಿ ಮಾಡುವುದನ್ನು. 21ರಲ್ಲಿ ಸೀದಾ ಸಾಲು 11 ಮಾತ್ರ. ಉಳಿದ 5 ಎಲ್ಲಿ? ಬಟ್ಟೆಯ ಬೆನ್ನು ನಮ್ಮ ಕಡೆಗಿರುವಾಗ, ಉಲ್ಟಾ ಸಾಲಿನಲ್ಲಿ. ಮಜಾ ಏನೆಂದರೆ, ಕೆಲಸ ಮಾಡುವುದು ಹಿಂದೆ, ಕಾಣಬೇಕಾದ್ದು ಮುಂದೆ.

ನೋಡುವವರ ಎಡಗಡೆಯ ತುಂಡಿನಲ್ಲಿ ಗೆರೆ ಎಡಕ್ಕೆ ವಾಲಬೇಕು, ಬಲಗಡೆಯದರಲ್ಲಿ ಬಲಕ್ಕೆ. ಬಲದ್ದು ಸುಲಭ. ಉಲ್ಟಾ ಸಾಲು ಅಲ್ಲಿ ಕತ್ತಿನ ಅಂಚಿನಿಂದಲೇ ಶುರುವಾಗುತ್ತದೆ, ಎರಡು ಕುಣಿಕೆ ಉಲ್ಟಾ ಹಾಕಿ, ಮುಂದಿನ ಎರಡನ್ನು ಒಟ್ಟಿಗೆ ಉಲ್ಟಾ ಹೆಣೆದರೆ ಮುಗಿಯಿತು. ಮುಂದಿನಿಂದ ನೋಡಿದರೆ ಬಲಕ್ಕೆ ವಾಲಿರುತ್ತದೆ. ಸೀದಾ ಸಾಲಿನಲ್ಲಿ ಎರಡು ಒಟ್ಟಿಗೆ ಹೆಣೆದದ್ದಕ್ಕೂ ಇದಕ್ಕೂ ವ್ಯತ್ಯಾಸವೇ ತಿಳಿಯದು.

ಎಡದ್ದೇ ತಲೆನೋವು. ಅಲ್ಲಿ ಕತ್ತಿನ ಅಂಚು ಉಲ್ಟಾ ಸಾಲಿನ ಕೊನೆಗೆ ಬರುತ್ತದೆ. ನಾಲ್ಕು ಕುಣಿಕೆ ಉಳಿದಾಗ ನಿಲ್ಲಬೇಕು. ಎರಡನ್ನು ಒಂದೊಂದಾಗಿ, ಸೀದಾ ಹೆಣೆಯುವವರ ಹಾಗೆ ಕಡ್ಡಿ ತೂರಿಸಿ, ಹೆಣೆಯದೆ ಬಲಗಡ್ಡಿಗೆ ದಾಟಿಸಿ. ಅವು ಮಗುಚಿಕೊಂಡಿರುತ್ತವೆ, ಹಾಗೆಯೇ ಎಡಗಡ್ಡಿಗೆ ವಾಪಸ್ ತನ್ನಿ. ಈಗ ಬಲಗಡ್ಡಿಯನ್ನು ಹಿಂಬದಿಗೆ ಒಯ್ದು, ಎಡದಿಂದ ಬಲಕ್ಕೆ, ಮೊದಲು ಎರಡನೆಯ ಕುಣಿಕೆಗೆ, ಆಮೇಲೆ ಒಂದನೆಯದಕ್ಕೆ ತೂರಿಸಿ ಎರಡನ್ನೂ ಸೇರಿಸಿ ಉಲ್ಟಾ ಹೆಣೆಯಿರಿ. ಉಳಿದ ಎರಡು ಮಾಮೂಲಿ. ಮೊದಲ ಸಲ ಕೈಬೆರಳಿಗೆ ಗಂಟು ಬಿದ್ದ ಹಾಗಾಗುತ್ತದೆ. 'ಈ ದಾಟಿಸೋದೆಲ್ಲ ಯಾಕೆ ಟೀಚರ್, ನೇರ ಹಿಂದಿನಿಂದಲೇ ಹೆಣೀಬಾರ್ದಾ?' ಎಂದು ಕೇಳಿದೆ. 'ಹೆಣಿ, ವಾಲೋದೇನೋ ಎಡಕ್ಕೇ ವಾಲತ್ತೆ. ಆದ್ರೆ ಕುತ್ತಿಗೆ ತಿರುಚ್ಕೊಂಡಿರತ್ತೆ' ಎಂದರು. ಮುಂದೆ ತಿರುಗಿಸಿ ನೋಡಿದರೆ ಹೌದು, ಜಡೆಯಲ್ಲಿ ಒಂದು ಎಳೆ ಮಾತ್ರ ಬಿಗಿದು ಕೂತಂತೆ.

ಇದರ ಹಿಂದಿನ ನಿಯಮ ಒಂದೇ: ಎರಡು ಕುಣಿಕೆಗಳಲ್ಲಿ ಮುಂಬದಿಗೆ ಯಾವುದು ಮೇಲೆ ಕಾಣುತ್ತದೋ ಅದು ವಾಲಿದ ಕಡೆಗೆ ಗೆರೆ. ಸುಮ್ಮನೆ ಎರಡು ಉಲ್ಟಾ ಹೆಣೆದಾಗ ಮೊದಲನೆಯದು ಮೇಲೆ ಬರುತ್ತದೆ, ದಾಟಿಸಿ ಹೆಣೆದಾಗ ಎರಡನೆಯದು. ಇಷ್ಟು ತಲೆಗೆ ಹೋದ ಮೇಲೆ ಪ್ಯಾಟರ್ನ್ ಬಾಯಿಪಾಠ ಮಾಡುವ ಅಗತ್ಯವೇ ಬೀಳಲಿಲ್ಲ.

ಉಲ್ಟಾ ಸಾಲಿನ ಸಹವಾಸವೇ ಬೇಡ ಎಂದವರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಎಲಿಜಬೆತ್ ಝಿಮ್ಮರ್‌ಮನ್ 1971ರಲ್ಲಿ 'ನಿಟ್ಟಿಂಗ್ ವಿದೌಟ್ ಟಿಯರ್ಸ್' ಎಂಬ ಪುಸ್ತಕ ಬರೆದು, ಸ್ವೆಟರನ್ನು ಕೊಳವೆಯ ಹಾಗೆ ಸುತ್ತಲೂ ಹೆಣೆಯಿರಿ ಎಂದರು. ಸುತ್ತು ಹೆಣಿಗೆಯಲ್ಲಿ ಎಲ್ಲವೂ ಸೀದಾ ಸಾಲೇ. ಆದರೆ ವಿ-ನೆಕ್ ಬಂದಾಗ ಎರಡು ಭಾಗವಾಗಲೇಬೇಕು, ಅಥವಾ ಹೆಣೆದದ್ದಕ್ಕೆ ಕತ್ತರಿ ಹಾಕಬೇಕು. ತಿಂಗಳ ಕೆಲಸಕ್ಕೆ ಕತ್ತರಿ ಹಾಕುವ ಎದೆಗಾರಿಕೆ ನನಗಂತೂ ಇಲ್ಲ.

ಟೀಚರ್‌ಗೆ ಈಗ ಕಣ್ಣು ಮಂಜು. ಕಪ್ಪು ಉಲ್ಲನ್ನಿನ ಉಲ್ಟಾ ಸಾಲು ಹಗಲಲ್ಲೂ ಕಾಣುವುದಿಲ್ಲ, ಹೆಬ್ಬೆರಳಿನಲ್ಲಿ ಸವರಿ ಎಣಿಸುತ್ತಾರೆ. ಈ ಎಡದ ವಿದ್ಯೆಯನ್ನು ಅವರು ಎಲ್ಲೂ ಬರೆದಿಟ್ಟಿಲ್ಲ. ನಮ್ಮ ಕೇರಿಯಲ್ಲಿ ಸ್ವೆಟರ್ ಹಾಕುವ ಇನ್ನೂ ಮೂರು ಜನರನ್ನು ಕೇಳಿದೆ, ಮೂವರೂ ಸೀದಾ ಸಾಲಿನವರೇ. ಹಾಗಾಗಿ ನಾನು ಮಾಡಿದ ಮೊದಲ ಕೆಲಸ, ಅವರು ಹೇಳುತ್ತಿದ್ದಂತೆ ಕರೆಂಟ್ ಅಫೇರ್ಸ್ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಚಿತ್ರ ಸಮೇತ ಬರೆದುಕೊಂಡದ್ದು.

ಹಣದ ವಿಷಯ ಮುಚ್ಚಿಡುವುದಿಲ್ಲ. ಉಲ್ಲನ್ ಖರ್ಚು ಕಳೆದು ಗಂಟೆಗೆ ಭಾಗಿಸಿದರೆ ತೋಟದ ಕೂಲಿಗಿಂತ ಕಮ್ಮಿಯೇ. ಇದನ್ನೇ ನಂಬಿ ಬದುಕಿ ಎಂದು ಯಾರಿಗೂ ಹೇಳಲಾರೆ. ಆದರೆ ಅಪ್ಲಿಕೇಷನ್ ಫೀಸಿಗೆ ಮನೆಯಲ್ಲಿ ಕೈಚಾಚದೆ ಈ ವರ್ಷ ಕಳೆಯಿತು. ಕಲಿಯುವವರಿಗೆ ಒಂದು ಮಾತು: ತಿಳಿಬಣ್ಣದ, ಸ್ವಲ್ಪ ದಪ್ಪ ಅಕ್ರಿಲಿಕ್ ನೂಲಿನಲ್ಲಿ ಶುರುಮಾಡಿ, ಕುಣಿಕೆ ಕಾಣುತ್ತದೆ. ಜುಲೈನಲ್ಲಿ ನಮ್ಮ ಕಡೆ ಅಪ್ಪಟ ಉಣ್ಣೆ ತೊಳೆಯಲು ಹೋಗಬೇಡಿ. ವಾರವಾದರೂ ಒಣಗದು, ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರೆ ಹೊಗೆವಾಸನೆ ಬೇರೆ.

ನಾಲ್ಕರಲ್ಲಿ ಮೂರು ಮುಗಿದಿವೆ. ನಾಲ್ಕನೆಯದು ಎಡಗಡೆಯ ಹದಿನಾಲ್ಕನೇ ಸಾಲಿನಲ್ಲಿದೆ, ಉಲ್ಟಾ.